ಗ್ರೂವ್, ಡೇಡೋ, ರಿಬೇಟ್: ಯಾವುದು ಎಲ್ಲಿ?

ಪ್ರಶ್ನೆ: ಪುಸ್ತಕದ ಕಪಾಟಿನ ಒಂದು ನಕ್ಷೆಯಲ್ಲಿ ಡೇಡೋ, ಗ್ರೂವ್, ರ‍್ಯಾಬೆಟ್ ಎಂದಿದೆ, ಇನ್ನೊಂದರಲ್ಲಿ ಹೌಸಿಂಗ್, ರಿಬೇಟ್. ಎಲ್ಲವೂ ಮರದಲ್ಲಿ ತೋಡುವ ಕಾಲುವೆಗಳೇ ತಾನೆ? ಹೆಸರು ತಿಳಿಯದಿದ್ದರೆ ಕೆಲಸ ಕೆಡುತ್ತದೆಯೇ?

ಉತ್ತರ: ಕೆಡಬಹುದು. ಮರದ ಎಳೆಯ ಉದ್ದಕ್ಕೆ ಸಾಗುವ ಕಾಲುವೆ ಗ್ರೂವ್. ಎಳೆಗೆ ಅಡ್ಡಲಾಗಿ ಸಾಗುವುದು ಡೇಡೋ. ಇದನ್ನೇ ಬ್ರಿಟನ್ನಿನಲ್ಲಿ ಹೌಸಿಂಗ್ ಎನ್ನುತ್ತಾರೆ. ಹಲಗೆಯ ಅಂಚಿನಲ್ಲಿ ತೆಗೆಯುವ, ಒಂದು ಬದಿಗೆ ಗೋಡೆಯೇ ಇಲ್ಲದ ಮೆಟ್ಟಿಲಿನಂಥ ಕಚ್ಚು ರ‍್ಯಾಬೆಟ್. ರಿಬೇಟ್ ಎಂದರೂ ಅದೇ.

ಹೆಚ್ಚು ಎಚ್ಚರ ಬೇಕಾದದ್ದು ಡೇಡೋಗೆ. ಅಡ್ಡಲಾಗಿ ಉಳಿ ಓಡಿಸಿದರೆ ಎಳೆಗಳು ಗೆರೆ ದಾಟಿ ಸಿಬಿರೇಳುತ್ತವೆ. ಮೊದಲು ಎರಡೂ ಗೆರೆಗಳನ್ನು ಚೂಪಾದ ಚಾಕುವಿನಿಂದ ಆಳವಾಗಿ ಗೀರಿ, ಗರಗಸದಿಂದ ಬೇಕಾದ ಆಳದವರೆಗೆ ಕೊಯ್ದು, ಆಮೇಲೆ ನಡುವಿನ ಮರವನ್ನು ಉಳಿಯಿಂದ ತೆಗೆಯಿರಿ. ಒಂದೇ ಬದಿಯಿಂದ ಆಚೆಯವರೆಗೂ ಉಳಿ ತಳ್ಳಿದರೆ ಆಚೆ ಅಂಚು ಒಡೆಯುತ್ತದೆ. ಎರಡೂ ಬದಿಗಳಿಂದ ನಡುವಿಗೆ ಬನ್ನಿ. ಗ್ರೂವ್‌ಗೆ ಈ ಗೀರುವ ಕೆಲಸ ಅಷ್ಟಾಗಿ ಬೇಡ. ಆದರೆ ಎಳೆ ಓರೆಯಾಗಿದ್ದರೆ ಗ್ರೂವ್ ತೆಗೆಯುವ ಹತ್ತರಿ ಅದರ ಹಿಂದೆಯೇ ಹೋಗುತ್ತದೆ, ಅದರ ಫೆನ್ಸನ್ನು (ಹಲಗೆಯ ಅಂಚಿಗೆ ತಾಗಿ ದಾರಿ ತೋರುವ ಪಟ್ಟಿ) ಅಂಚಿಗೆ ಒತ್ತಿಹಿಡಿಯಲೇಬೇಕು.

ಆಳ ಹಲಗೆಯ ದಪ್ಪದ ಮೂರನೇ ಒಂದು ಭಾಗ ಸಾಕು: 18 ಮಿ.ಮೀ. ಹಲಗೆಗೆ 6 ಮಿ.ಮೀ. ಇನ್ನೂ ಆಳಕ್ಕೆ ಹೋದಷ್ಟೂ ಪಕ್ಕದ ಹಲಗೆ ದುರ್ಬಲ. ಹಿಂಬದಿಗೆ 6 ಮಿ.ಮೀ. ಪ್ಲೈ ಕೂರಿಸುವುದಾದರೆ ರಿಬೇಟ್ ತೆಗೆಯಿರಿ: ಪ್ಲೈಯಷ್ಟೇ ಆಳ, 10 ಮಿ.ಮೀ. ಅಗಲ.

ಅಗಲದಲ್ಲಿ ತಪ್ಪುವುದು ಹೆಚ್ಚು. 18 ಎಂದು ಮಾರುವ ಪ್ಲೈ ಅನೇಕ ಸಲ ಅದಕ್ಕಿಂತ ತೆಳು. ರೂಟರ್‌ಗೆ (ಕಾಲುವೆ ಕೊರೆಯುವ ವಿದ್ಯುತ್ ಯಂತ್ರ) 18 ಮಿ.ಮೀ. ಅಗಲದ ಬಿಟ್, ಅಂದರೆ ತಿರುಗುವ ಅಲಗು, ಹಾಕಿದರೆ ಅಡ್ಡಹಲಗೆ ಅಲುಗಾಡುತ್ತದೆ. 12ರ ಬಿಟ್ಟಿನಿಂದ ಎರಡು ಸಲ ಓಡಿಸಿ, ಕೈಯಲ್ಲಿರುವ ಹಲಗೆಯನ್ನೇ ಅಳತೆಗೆ ಇಡಿ. ಕೈಯೊತ್ತಿಗೆ ಕೂರಬೇಕು. ಸುತ್ತಿಗೆ ಬೇಕಾಯಿತೆಂದರೆ ಬಿಗಿ ಹೆಚ್ಚಾಗಿದೆ, ಅಂಟು ಗೋಡೆಯಿಂದ ಒರೆಸಿಹೋಗುತ್ತದೆ.

ಅಂಟಿನ ವಿಷಯದಲ್ಲೂ ವ್ಯತ್ಯಾಸವುಂಟು. ಡೇಡೋದಲ್ಲಿ ಅಡ್ಡಹಲಗೆಗೆ ಅಂಟು ಹಾಕಬಹುದು: ಎರಡೂ ಹಲಗೆಗಳು ಅಗಲದ ಕಡೆಗೇ ಹಿಗ್ಗಿ ಕುಗ್ಗುತ್ತವೆ. ಚೌಕಟ್ಟಿನ ಗ್ರೂವಿನಲ್ಲಿ ಕೂರುವ ಇಡೀ ಮರದ (ಪ್ಲೈ ಅಲ್ಲದ) ಹಲಗೆಗೆ ಮಾತ್ರ ಅಂಟು ಹಾಕಲೇಬೇಡಿ. ಅಗಲದ ಎರಡೂ ಕಡೆ 2–3 ಮಿ.ಮೀ. ಸಡಿಲ ಬಿಡಿ. ಬಿಡದಿದ್ದರೆ ಮಳೆಗಾಲದಲ್ಲಿ ಚೌಕಟ್ಟಿನ ಮೂಲೆ ಬಿಚ್ಚುತ್ತದೆ, ಅಂಟಿಸಿದ್ದರೆ ಬೇಸಿಗೆಯಲ್ಲಿ ಹಲಗೆ ಸೀಳುತ್ತದೆ.