ತೈಲ ಸೋರಿಕೆಯೂ ಕಪ್ಪೆಚಿಪ್ಪುಗಳೂ

ಪ್ರಶ್ನೆ: ಸಮುದ್ರದಲ್ಲಿ ತೈಲ ಸೋರಿದಾಗ ಮರಳಿನಡಿಯ ಕಪ್ಪೆಚಿಪ್ಪುಗಳಿಗಾದ ಹಾನಿಯನ್ನು ಹೇಗೆ ಅಳೆಯುತ್ತಾರೆ?

ಉತ್ತರ: ಸತ್ತ ಚಿಪ್ಪುಗಳನ್ನು ಎಣಿಸಿದರಷ್ಟೇ ಸಾಲದು. ನೀರನ್ನು ಸೋಸಿ ಆಹಾರ ಪಡೆಯುವ ಈ ಜೀವಿಗಳು ತೈಲದ ಹೈಡ್ರೋಕಾರ್ಬನ್‌ಗಳನ್ನು ಮೀನುಗಳಷ್ಟು ಬೇಗ ವಿಘಟಿಸಲಾರವಾದ್ದರಿಂದ, ಅವುಗಳ ಮಾಂಸದಲ್ಲಿ ಉಳಿದ ಅಂಶವನ್ನು ಪ್ರಯೋಗಾಲಯದಲ್ಲಿ ಅಳೆದು, ಬೆಳವಣಿಗೆಯನ್ನೂ ಮರಿಗಳ ಸಂಖ್ಯೆಯನ್ನೂ ತೈಲ ತಾಗದ ದಂಡೆಯೊಂದಿಗೆ ಹೋಲಿಸುತ್ತಾರೆ. 1989ರ ಮಾರ್ಚ್ 24ರಂದು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಚೆಲ್ಲಿದ ಬಳಿಕ, ತೈಲ ತಾಗಿದರೂ ತೊಳೆಯದೆ ಬಿಟ್ಟ ದಂಡೆಗಳನ್ನೂ ಹೋಲಿಕೆಗೆ ಸೇರಿಸಿದ್ದು ಜಾಣತನದ ಕೆಲಸ: ಅಧಿಕ ಒತ್ತಡದ ಬಿಸಿನೀರಿನ ತೊಳೆತವೇ (ಉಪಕಾರಕ್ಕೆ ಹೋಗಿ ಅಪಕಾರ ಎನ್ನಿ) ನುಣುಪು ಮರಳನ್ನು ಕೊಚ್ಚಿ ಚಿಪ್ಪುಜೀವಿಗಳನ್ನು ಕೊಂದಿತೆಂದು ತಿಳಿದದ್ದು ಹಾಗೆ. ನೀಲಿಕಲ್ಲುಗಳ (ಬಂಡೆ, ಕಲ್ಲುಗಳಿಗೆ ಗುಂಪಾಗಿ ಅಂಟಿ ಬಾಳುವ ಚಿಪ್ಪುಜೀವಿಗಳ) ದಟ್ಟ ಹಾಸಿನಡಿಯಲ್ಲಂತೂ ವರ್ಷಗಳ ನಂತರವೂ ತೈಲ ಸಿಕ್ಕಿದ್ದರಿಂದ, ಒಂದೇ ಋತುವಿನ ಸಮೀಕ್ಷೆಯನ್ನು ನಾನು ನೆಚ್ಚಲಾರೆ.