ಹಡಗು ಹತ್ತುವ ಮೊದಲು ಪಿನ್‌ಬಾಲ್ ಬುಕ್ ಮಾಡಲಾ?

ಪ್ರಶ್ನೆ: ಅಕ್ಕಾ, ನನಗೆ 41 ವರ್ಷ. ಮನೆ ಕಾರವಾರದ ಕೋಡಿಬಾಗದಲ್ಲಿ. ಸರಕು ಹಡಗಿನಲ್ಲಿ ಎಲೆಕ್ಟ್ರಿಕಲ್ ಆಫೀಸರ್. ಹೊರದೇಶದ ಬಂದರುಗಳಲ್ಲಿ ಪಿನ್‌ಬಾಲ್ (ಗಾಜು ಮುಚ್ಚಿದ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡು ಹೊಡೆಯುವ ಯಂತ್ರದ ಆಟ) ಆಡಿ ಆಡಿ ಹುಚ್ಚು ಹಿಡಿದಿದೆ. ಈಗ ಅಮೆರಿಕದ ಕಂಪನಿಯೊಂದು ಹೊಸ ಯಂತ್ರ ಬಿಟ್ಟಿದೆ. ಪ್ರೊ, ಪ್ರೀಮಿಯಂ, ಲಿಮಿಟೆಡ್ ಎಡಿಷನ್ ಎಂದು ಮೂರು ಬಗೆ. ನನಗೆ ಪ್ರೊ ಸಾಕು. ಸಾಗಾಟ, ಕಸ್ಟಮ್ಸ್, ಜಿಎಸ್‌ಟಿ ಎಲ್ಲ ಸೇರಿ 12 ಲಕ್ಷ ದಾಟುತ್ತದೆ. ಈ ತಿಂಗಳೊಳಗೆ 2 ಲಕ್ಷ ಮುಂಗಡ ಕೊಟ್ಟರೆ ಮೊದಲ ಲಾಟ್‌ನಲ್ಲೇ ಕಳಿಸುತ್ತೇನೆ, ಜುಲೈಗೆ ಮನೆಗೆ ಬರುತ್ತದೆ, ತಡ ಮಾಡಿದರೆ ಸಿಗುವುದಿಲ್ಲ ಎನ್ನುತ್ತಾನೆ ಏಜೆಂಟ್. ಜೂನ್ 10ಕ್ಕೆ ನಾನು ಮತ್ತೆ ಹಡಗು ಹತ್ತಬೇಕು, ವಾಪಸು ಡಿಸೆಂಬರಿಗೆ. ಅಪ್ಪ ‘ಅದು ಜೂಜಿನ ಡಬ್ಬಿ’ ಎನ್ನುತ್ತಾರೆ. ಹೆಂಡತಿಗೆ ಇನ್ನೂ ಹೇಳಿಲ್ಲ. ಈಗಲೇ ಬುಕ್ ಮಾಡಲಾ, ಕಾಯಲಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತಾರೀಕುಗಳಿವೆ. ನೀವು ಹೊರಡುವುದು ಜೂನ್ 10. ಯಂತ್ರ ಬರುವುದು ಜುಲೈ. ಎರಡನ್ನೂ ನೀವೇ ಬರೆದಿದ್ದೀರಿ. ಆದರೆ ಅಕ್ಕಪಕ್ಕ ಇಟ್ಟು ನೋಡಿದ ಹಾಗೆ ಕಾಣುವುದಿಲ್ಲ.

ನಾನು ಇಟ್ಟು ನೋಡಿದೆ. ಸುಮಾರು 115 ಕಿಲೋ ತೂಕದ ಪೆಟ್ಟಿಗೆ. ಲಾರಿಯವನು ಗೇಟಿನ ಹೊರಗೆ ಇಳಿಸಿ ಹೋಗುತ್ತಾನೆ. ಕಾರವಾರದ ಜುಲೈ ಮಳೆ ಸುರಿಯುತ್ತಿದೆ. ಮನೆಯಲ್ಲಿ ಜೂಜಿನ ಡಬ್ಬಿ ಎಂದು ಗೊಣಗುವ ಅಪ್ಪ, ಮತ್ತೆ ಏನೂ ಗೊತ್ತಿಲ್ಲದ ಹೆಂಡತಿ. ನೀವು ಯಾವ ಸಮುದ್ರದಲ್ಲೋ! ಒಳಗೆ ಏನಾದರೂ ಒಡೆದಿದ್ದರೆ ಕೂಡಲೇ ಬಿಚ್ಚಿ ನೋಡಿ, ಫೋಟೋ ತೆಗೆದು ದೂರು ಕೊಡಬೇಕು. ಯಾರು ಕೊಡುತ್ತಾರೆ? ಡಿಸೆಂಬರಿನಲ್ಲಿ ನೀವು ಬಂದು ಬಿಚ್ಚುವುದಾದರೆ ಜುಲೈಗೆ ತರಿಸುವ ಅವಸರ ಯಾಕೆ?

ನನ್ನ ಉತ್ತರ ಇಷ್ಟೇ: ಕಾಯಿರಿ. ಕೊಳ್ಳಬೇಡಿ ಎಂದು ಹೇಳುತ್ತಿಲ್ಲ.

ಏಜೆಂಟಿನ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ಎಣಿಸಿ ಮಾಡುವುದು ಲಿಮಿಟೆಡ್ ಎಡಿಷನ್. ಅದು ಮುಗಿದರೆ ಮುಗಿಯಿತು. ಪ್ರೊ ಹಾಗಲ್ಲ. ಬೇಡಿಕೆ ಇರುವಷ್ಟು ದಿನ ಕಾರ್ಖಾನೆಯವರು ಮತ್ತೆ ಮತ್ತೆ ಮಾಡುತ್ತಾರೆ. ನಿಮಗೆ ಬೇಕಾಗಿರುವುದು ಪ್ರೊ. ಅಂದಮೇಲೆ ಅವಸರ ಅವನದು, ನಿಮ್ಮದಲ್ಲ. ಆ 2 ಲಕ್ಷ ವಾಪಸು ಬರುತ್ತದಾ ಎಂದು ಬರವಣಿಗೆಯಲ್ಲಿ ಕೇಳಿದಿರಾ? ಅಮೆರಿಕದಲ್ಲೇ ಜನ ಹೊಸ ಕಂಪನಿಗಳಿಗೆ ಮುಂಗಡ ಕೊಟ್ಟು, ಯಂತ್ರವೂ ಇಲ್ಲದೆ ದುಡ್ಡೂ ಇಲ್ಲದೆ ಕೂತದ್ದಿದೆ.

ಇನ್ನೊಂದು ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆಸೆಯಲ್ಲಿ ಮರೆತಿದ್ದೀರಿ. ಈಗಿನ ಪಿನ್‌ಬಾಲ್ ಪೆಟ್ಟಿಗೆಯಿಂದ ಹೊರಬಂದಾಗ ಪೂರ್ತಿ ಆಗಿರುವುದಿಲ್ಲ. ಬಿಡುಗಡೆಯ ಹೊತ್ತಿಗೆ ಸಾಫ್ಟ್‌ವೇರಿನ ನಂಬರು ಎಷ್ಟೋ ಸಲ 1.0, ಅಂದರೆ ಮೊದಲ ಪೂರ್ಣ ಆವೃತ್ತಿ, ಕೂಡ ಮುಟ್ಟಿರುವುದಿಲ್ಲ. ಆಟದ ಕೊನೆಯ ಹಂತಗಳು, ಕೆಲವು ನಿಯಮಗಳು ತಿಂಗಳುಗಳ ಮೇಲೆ ಅಪ್‌ಡೇಟ್ ಆಗಿ ಬರುತ್ತವೆ. ಕೆಲವಕ್ಕೆ ವರ್ಷ ದಾಟುತ್ತದೆ. ಮರದ ಹಲಗೆಯ ಮೇಲೆ ಆಡುವ ಉಕ್ಕಿನ ಚೆಂಡು 27 ಮಿಲಿಮೀಟರ್, 80 ಗ್ರಾಂ. ಅದು ಜಿಗಿದು ಬಿದ್ದಲ್ಲೆಲ್ಲ ಹೊಸ ವಾರ್ನಿಷ್‌ನಲ್ಲಿ ಸಣ್ಣ ಗುಳಿ ಬೀಳುತ್ತದೆ. ಅದು ಸಹಜ. ಆದರೆ ಹಲಗೆಗೆ ಬಿಗಿದ ಸಣ್ಣ ಕಂಬಗಳ ಸುತ್ತ ವಾರ್ನಿಷ್ ಪದರ ಏಳುವುದು, ಎಲೆಕ್ಟ್ರಾನಿಕ್ ಬೋರ್ಡು ಕೈಕೊಡುವುದು, ಚೆಂಡು ಎಲ್ಲೋ ಸಿಕ್ಕಿಕೊಳ್ಳುವುದು, ಇವೆಲ್ಲ ಗೊತ್ತಾಗುವುದು ಮೊದಲು ಕೊಂಡವರ ಮನೆಯಲ್ಲೇ. ಅವರು ಕೂಗಾಡಿದ ಮೇಲೆ ಮುಂದಿನ ಲಾಟ್ ಸರಿಯಾಗುತ್ತದೆ. ಅಮೆರಿಕದವರಿಗೆ ಬದಲಿ ಭಾಗ ವಾರದಲ್ಲಿ ಸಿಕ್ಕೀತು. ನಿಮಗೆ ಸಮುದ್ರ ದಾಟಿ, ಮತ್ತೆ ಕಸ್ಟಮ್ಸ್ ದಾಟಿ ಬರಬೇಕು.

ನಾನೂ ಒಮ್ಮೆ ಹೊಸ ಮಾದರಿಯ ವಾಷಿಂಗ್ ಮಷಿನ್ ಬಂದ ವಾರವೇ ತಂದಿದ್ದೆ. ತಿಂಗಳಲ್ಲಿ ನಿಂತಿತು. ಶಿರಸಿಯ ರಿಪೇರಿಯವರು ಮುಚ್ಚಳ ತೆಗೆದು, ‘ಇದರ ಪಾರ್ಟೇ ಇನ್ನೂ ಬಂದಿಲ್ಲ ಅಕ್ಕಾ’ ಎಂದು ಮುಚ್ಚಿಟ್ಟು ಹೋದರು. ಆ ಮಳೆಗಾಲ ಪೂರ್ತಿ ಕೈಯಲ್ಲೇ ಒಗೆದೆ. ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕಿದ ಮರುದಿನವೇ ಯಾರೂ ತಟ್ಟೆಗೆ ಬಡಿಸಿಕೊಳ್ಳುವುದಿಲ್ಲ, ಅದು ಚಿರುಟಬೇಕು. ಅಷ್ಟು ತಿಳಿದ ನಾನೇ ಮಷಿನ್ ವಿಷಯದಲ್ಲಿ ಸೋತೆ. ಹಾಗಾಗಿ ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ.

ನೀವು ಎಲೆಕ್ಟ್ರಿಕಲ್‌ನವರು, ರಿಪೇರಿಗೆ ಹೆದರುವವರಲ್ಲ, ಒಪ್ಪಿದೆ. 230 ವೋಲ್ಟಿಗೆ ಹೊಂದಿಸಿ ಕೊಡಿ ಎಂದು ಕೇಳಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಉಪ್ಪು ಗಾಳಿ? ಕೋಡಿಬಾಗದಲ್ಲಿ ಕಿಟಕಿಯ ಸರಳು ಎಷ್ಟು ವರ್ಷ ಬಾಳುತ್ತದೆ ನೋಡಿದ್ದೀರಲ್ಲ. ತುಕ್ಕು ಹಿಡಿದ ಚೆಂಡು ಹಲಗೆಯ ಮೇಲೆ ಉಜ್ಜುಕಾಗದದ ಹಾಗೆ ಓಡುತ್ತದೆ. ಜಗಲಿಯಲ್ಲಿ ಇಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಬಾಗಿಲು ಮುಚ್ಚುವ, ತೇವ ತೆಗೆಯುವ ವ್ಯವಸ್ಥೆ ಇರುವ ಕೋಣೆಯೇ ಬೇಕು. ಅದರ ಖರ್ಚು ನಿಮ್ಮ 12 ಲಕ್ಷದಲ್ಲಿ ಸೇರಿಲ್ಲ ಅನಿಸುತ್ತದೆ.

ಅಪ್ಪನ ಮಾತು ಸುಮ್ನೆ ಅಲ್ಲ. ನ್ಯೂಯಾರ್ಕಿನಲ್ಲಿ 1942ರಲ್ಲಿ ಇದನ್ನು ಜೂಜು ಎಂದೇ ನಿಷೇಧಿಸಿ, ಮೇಯರ್ ಲಾ ಗ್ವಾರ್ಡಿಯಾ ಸುತ್ತಿಗೆ ಹಿಡಿದು ಯಂತ್ರ ಒಡೆದಿದ್ದರು. ಆಗ ಚೆಂಡನ್ನು ಮೇಲಕ್ಕೆ ಹೊಡೆಯುವ ಫ್ಲಿಪ್ಪರ್ ಇರಲಿಲ್ಲ, ಅದು ಬಂದದ್ದು 1947ರಲ್ಲಿ. 1976ರಲ್ಲಿ ರೋಜರ್ ಶಾರ್ಪ್ ಎಂಬವರು, ಇದು ಅದೃಷ್ಟದ ಆಟವಲ್ಲ, ಕೈಚಳಕದ್ದು ಎಂದು ತೋರಿಸಲು ನಗರಸಭೆಯವರ ಎದುರು, ಚೆಂಡು ಎಲ್ಲಿ ಹೋಗುತ್ತದೆ ಎಂದು ಮೊದಲೇ ಹೇಳಿ ಹಾಗೇ ಹೊಡೆದು ತೋರಿಸಿದರು. ನಿಷೇಧ ಹೋಯಿತು. ಅಪ್ಪನಿಗೆ ಈ ಕಥೆ ಹೇಳಿ. ಬಂದ ಮೇಲೆ ಮೊದಲ ಆಟ ಅವರಿಗೇ ಬಿಡಿ.

ಆದರೆ ಅಪ್ಪನಿಗೆ ಗೊತ್ತಿರುವುದು ಹೆಂಡತಿಗೆ ಗೊತ್ತಿಲ್ಲ ಎನ್ನುವುದು ಹೇಗೆ? ಒಂದೇ ಮನೆ ಅಲ್ವಾ! ನನಗನಿಸುವುದು, ಅವರಿಗೆ ಆಗಲೇ ಗೊತ್ತಿದೆ, ನೀವು ಯಾವಾಗ ಹೇಳುತ್ತೀರಿ ಎಂದು ಕಾಯುತ್ತಿದ್ದಾರೆ. ವರ್ಷದಲ್ಲಿ ಆರು ತಿಂಗಳು ಆ ಮನೆ ನಡೆಸುವವರು ಅವರು. ಆ ಯಂತ್ರ ಇರುವ ಕೋಣೆ ಗುಡಿಸುವವರೂ ಅವರೇ.

ಯಂತ್ರ ನಾಲ್ಕೂವರೆ ಅಡಿಗಿಂತ ಉದ್ದ, ಆರು ಅಡಿಗಿಂತ ಎತ್ತರ. ಎದುರಿಗೆ ನಿಂತು ಆಡಲೂ ಜಾಗ ಬೇಕು. ಇವತ್ತು ಸಂಜೆ ಟೇಪ್ ತೆಗೆದು ಕೋಣೆ ಅಳೆಯಿರಿ. ಇನ್ನೊಂದು ತುದಿ ಹಿಡಿಯಲು ಅವರನ್ನು ಕರೆಯಿರಿ. ಯಾಕೆ ಎಂದು ಕೇಳುತ್ತಾರಲ್ಲ, ಆಗ ಹೇಳಿ.