ಕೇಳುವ ಮಾತು ಮನೆಯ ಮಾತಾಗಿರಲಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರ ಪತ್ರ: “ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದೇನೆ. ಕೊರಗರಂಥ ಬುಡಕಟ್ಟು ಸಮುದಾಯಗಳ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಆಸೆ. ಬೆಂಗಳೂರಿನಲ್ಲಿ ದತ್ತಾಂಶದ ಕೆಲಸ ಸಿಗುವಂತಿದೆ. ಹೋಗಲೋ, ಇಲ್ಲೇ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದಲೋ? ನನಗೆ ಬರುವುದು ಕನ್ನಡ, ತುಳು, ಅಷ್ಟಿಷ್ಟು ಮಲಯಾಳ. ಇಂಗ್ಲಿಷ್ ಅಷ್ಟಕ್ಕಷ್ಟೆ.”

ಉತ್ತರ: ಅಂಕಿಅಂಶ ತಿಳಿಯದೆ ಈ ದಾರಿ ಸಾಗದು, ಒಪ್ಪೋಣ. ಬೆಂಗಳೂರು ಅದನ್ನು ಕಲಿಸೀತು. ಆದರೆ ತಂಗೀ, ತುಳು ಕನ್ನಡವನ್ನು ಕೊರತೆಗಳ ಪಟ್ಟಿಗೆ ಸೇರಿಸಿದ್ದೀರಲ್ಲ, ನಮ್ಮ ತಕರಾರು ಅಲ್ಲಿ.

ಸಮೀಕ್ಷೆಗೆ ಎಷ್ಟು ಮಂದಿಯನ್ನು ಕೇಳಬೇಕೆಂಬ ಮಾದರಿಯ ಲೆಕ್ಕ ಯಾವ ತರಗತಿಯಲ್ಲೂ ಸಿಗುತ್ತದೆ. ಕಾಯಿಲೆ ಎಷ್ಟು ಮಂದಿಗಿದೆಯೆಂಬ ಅಂದಾಜೇ ಇಲ್ಲದಿದ್ದರೆ ಅರ್ಧದಷ್ಟು ಎಂದು ಹಿಡಿಯುತ್ತಾರೆ, ಶೇ. 95 ವಿಶ್ವಾಸಮಟ್ಟ, ಶೇ. 5 ಆಚೀಚೆ ಎಂದರೆ 384 ಮಂದಿ. ಊರುಗಳನ್ನು ಗುಂಪಾಗಿ ಆರಿಸಿದರೆ ಸಾಮಾನ್ಯವಾಗಿ ಅದರ ಇಮ್ಮಡಿ. ಕೊರಗರಂಥ ಸಣ್ಣ ಸಮುದಾಯಕ್ಕೆ ಈ ಸರ್ಕಸ್ಸೇ ಬೇಡ, ಪಂಚಾಯತಿನ ಅವರ ಎಲ್ಲ ಮನೆಗೂ ನಡೆದುಬಿಡುವುದು ಲೇಸು.

ಕೆಲಸ ಕೆಡುವುದು ಜಗಲಿಯಲ್ಲಿ. ‘ಕಳೆದ ಹದಿನೈದು ದಿನಗಳಲ್ಲಿ ಅನಾರೋಗ್ಯವಿತ್ತೇ?’ ಎಂದರೆ ‘ಇಲ್ಲ’ ಎನ್ನುತ್ತಾರೆ. ಜ್ವರದಲ್ಲೇ ಕೂಲಿಗೆ ಹೋದವರಿಗೆ ಅದು ಅನಾರೋಗ್ಯವೇ ಅಲ್ಲ. ‘ಜ್ವರ ಬಂತಾ? ಕೆಮ್ಮು? ಎಷ್ಟು ದಿನ ಕೆಲಸ ತಪ್ಪಿತು?’ ಎಂದು ಬಿಡಿಸಿ ಕೇಳಬೇಕು. ಮಗು ಹುಟ್ಟಿದ ತಾರೀಕು ನೆನಪಿಲ್ಲದ ತಾಯಿಗೆ ‘ಪತ್ತನಾಜೆಗೆ (ಮೇ ಕೊನೆಯಲ್ಲಿ ಬರುವ ತುಳುವರ ಆಚರಣೆಯ ದಿನ) ಮೊದಲೋ, ಆಟಿಯಲ್ಲೋ (ಜುಲೈ-ಆಗಸ್ಟಿನ ತುಳು ತಿಂಗಳು)?’ ಎಂದರೆ ತಿಂಗಳು ಹೊಳೆಯುತ್ತದೆ. ವಯಸ್ಸು ಮೂರು ತಿಂಗಳು ಹೆಚ್ಚು ಬರೆದರೆ ಚೆನ್ನಾಗಿ ಬೆಳೆದ ಕೂಸೂ ಕಡಿಮೆ ತೂಕದ ಸಾಲಿಗೆ ಬೀಳಬಹುದು. ಈ ಪ್ರಶ್ನೆ ಹೊಳೆಯಲು ಇಂಗ್ಲಿಷ್ ಬೇಕೇ?

ಪ್ರಶ್ನಾವಳಿಯನ್ನು ಇಬ್ಬರು ಬೇರೆಬೇರೆಯಾಗಿ ತುಳುವಿಗೆ ತರಬೇಕು, ಎರಡನ್ನೂ ಹೊಂದಿಸಿದ ಮೇಲೆ ಮೂಲವನ್ನೇ ನೋಡದ ಮೂರನೆಯವರು ಮತ್ತೆ ಮೂಲ ಭಾಷೆಗೆ ತಿರುಗಿಸಬೇಕು. ಅರ್ಥ ಜಾರಿದ್ದು ಆಗ ಸಿಕ್ಕಿಬೀಳುತ್ತದೆ. ಒಪ್ಪಿಗೆಪತ್ರಕ್ಕೆ ಓದುಬಾರದವರ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ನಿಮ್ಮ ತಂಡದವರಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿರಲಿ. ಬೀಡಿ ಒಪ್ಪಿಸಲು ಹೊರಟವರನ್ನು ಬಾಗಿಲಲ್ಲಿ ತಡೆದು ಕೇಳಿದರಂತೂ ಸಿಗುವುದು ತಲೆಯಾಡಿಸಿದ ಉತ್ತರ.

ನಮ್ಮ ಜಿಲ್ಲೆಗಿಂತ ದೊಡ್ಡ ಪಾಠ ಬೇಕೇ? 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಎಣ್ಮಕಜೆಯ ಪಡ್ರೆಯಲ್ಲಿ ಕಾಯಿಲೆಗಳು ವಿಪರೀತವಾಗಿವೆಯೆಂದು ಮೊದಲು ಗುರುತಿಸಿದವರಲ್ಲಿ ಒಬ್ಬರು ವಾಣಿನಗರದ ವೈದ್ಯ ವೈ.ಎಸ್. ಮೋಹನ್ ಕುಮಾರ್. ರೋಗಿಗಳ ಮಾತಿಗೆ ಕಿವಿಗೊಟ್ಟ ಊರ ಡಾಕ್ಟರು! 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಆದರೆ ಅದು ಪಟ್ಟಿಯಲ್ಲಿ ಹೆಸರಿದ್ದವರಿಗೆ. ಪಟ್ಟಿ ಸೇರಬೇಕಾದರೆ ವೈದ್ಯಕೀಯ ಶಿಬಿರದಲ್ಲಿ ಮಗುವಿನ ಕಷ್ಟ ವಿವರಿಸಬೇಕು, ಎದುರಿಗೆ ಕೂತವರಿಗೆ ಅದು ತಿಳಿಯಬೇಕು. ಗಡಿನಾಡಿನಲ್ಲಿ ಭಾಷೆಯೆಂದರೆ ಬಸ್ಸಿನ ಬೋರ್ಡಿನ ಜಗಳವೆಂದು ನಗುವವರು ಇದನ್ನು ಯೋಚಿಸಿದ್ದಾರೋ ಇಲ್ಲವೋ.

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂಪಿಎಚ್ ಇದೆ. ತಿರುವನಂತಪುರದ ಅಚ್ಯುತ ಮೇನೋನ್ ಕೇಂದ್ರವೂ ಒಳ್ಳೆಯದು. ಅಷ್ಟರೊಳಗೆ ಹತ್ತು ಪ್ರಶ್ನೆ ಬರೆದು ಐದು ಮನೆಯಲ್ಲಿ ಕೇಳಿ ನೋಡಿ. ಪ್ರತಿಯೊಂದರ ಬಳಿಕ ‘ನಾನು ಕೇಳಿದ್ದು ಏನೆಂದು ತಿಳಿಯಿತು?’ ಎಂದು ಅವರ ಬಾಯಲ್ಲೇ ಹೇಳಿಸಿ. ಪೆರಿಯಕ್ಕೆ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು, ಅರ್ಜಿಯ ದಿನ ತಪ್ಪಿಸಿಕೊಳ್ಳಬೇಡಿ.